ರಟ್ಟಿನ ನೌಕೆಯ ಇಬ್ಬರು ದುಭಾಷಿಗಳು

ನಮ್ಮಲ್ಲಿ ಟಿವಿಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ 1987ರ ಜನವರಿ 25ರಿಂದ ಶುರು ಮಾಡುತ್ತಾರೆ. ಅಂದು ಭಾನುವಾರ. ರಮಾನಂದ ಸಾಗರರ ‘ರಾಮಾಯಣ’ ದೂರದರ್ಶನದಲ್ಲಿ ಆರಂಭವಾದ ದಿನ. ಬೀದಿಗಳು ಖಾಲಿಯಾದವು, ಟಿವಿ ಪೆಟ್ಟಿಗೆಗೆ ಹಾರ ಹಾಕಿ ಊದುಬತ್ತಿ ಹಚ್ಚಿದರು ಎಂಬ ಮಾತುಗಳೆಲ್ಲ ನಿಜವೇ. ಆದರೆ ಭಾನುವಾರದ ಬೆಳಗುಗಳು ಅದಕ್ಕೂ ಮೊದಲೇ ಇದ್ದವು. 80ರ ದಶಕದ ಮಧ್ಯಭಾಗದಲ್ಲಿ ಅದೇ ದೂರದರ್ಶನ ಭಾನುವಾರ ಬೆಳಗ್ಗೆ ಮೊನಚು ಕಿವಿಯ ಒಬ್ಬ ಮನುಷ್ಯನನ್ನು ನಮ್ಮ ಮನೆಗಳಿಗೆ ಕಳಿಸುತ್ತಿತ್ತು. ಹೆಸರು ಸ್ಪಾಕ್. ಊರು ವಲ್ಕನ್ ಎಂಬ ಗ್ರಹ. ಅವನಿಗೆ ಯಾರೂ ಹಾರ ಹಾಕಲಿಲ್ಲ. ಹಾಗಾಗಿ ಅವನು ಚರಿತ್ರೆಯಲ್ಲೂ ಸೇರಲಿಲ್ಲ.

ಆ ಧಾರಾವಾಹಿಯ ಹೆಸರು ‘ಸ್ಟಾರ್ ಟ್ರೆಕ್’. ಅಮೆರಿಕದಲ್ಲಿ ಅದು ತೆರೆಕಂಡದ್ದು 1966ರ ಸೆಪ್ಟೆಂಬರ್ 8ರಂದು. ಮೂರು ವರ್ಷ ಓಡಿ, 79 ಕಂತುಗಳಾದ ಮೇಲೆ, ನೋಡುವವರು ಸಾಲದೆಂದು 1969ರಲ್ಲಿ ನಿಂತುಹೋಯಿತು. ನಮ್ಮ ಊರಿಗೆ ಅದು ಬಂದಾಗ ತನ್ನ ಊರಿನಲ್ಲಿ ಅದಕ್ಕೆ ಆಗಲೇ ಹದಿನೈದು ವರ್ಷದ ಧೂಳು ಕೂತಿತ್ತು. ನಮಗೇನು ಗೊತ್ತು? ನಮಗೆ ಅದು ಮುಂದಿನ ಶತಮಾನಗಳ ಸುದ್ದಿ.

ಇದನ್ನು ಬರೆಯುವಾಗ ನನ್ನ ಕಣ್ಣ ಮುಂದಿರುವುದು ಶಿವಮೊಗ್ಗದ ವಿದ್ಯಾನಗರ. ತುಂಗಾ ಸೇತುವೆ ದಾಟಿ ಬಿ.ಎಚ್. ರಸ್ತೆಯಲ್ಲಿ ಭದ್ರಾವತಿಯ ದಿಕ್ಕಿಗೆ ಹೊರಟರೆ ಸಿಗುವ ಬಡಾವಣೆ. ಆಗ ನಮ್ಮ ಬೀದಿಯಲ್ಲಿದ್ದದ್ದು ಒಂದೇ ಟಿವಿ. ಅದು ಎದುರುಮನೆಯ ಮೇಷ್ಟ್ರದು. ಮರದ ಪೆಟ್ಟಿಗೆ, ಎಳೆದು ಮುಚ್ಚುವ ಬಾಗಿಲು, ಕಪ್ಪು ಬಿಳುಪಿನ ಪರದೆ. ಸೂರಿನ ಮೇಲೆ ಬಿದಿರು ಗಳುವಿಗೆ ಕಟ್ಟಿದ ಆಂಟೆನಾ. ಕಾಗೆ ಕೂತರೆ ಚಿತ್ರ ಎರಡಾಗುತ್ತಿತ್ತು. ಸ್ಪಾಕನಿಗೆ ನಾಲ್ಕು ಕಿವಿ ಮೂಡುತ್ತಿದ್ದವು. ಲಿಂಗನಮಕ್ಕಿ ಅಣೆಕಟ್ಟು ನಮ್ಮ ಜಿಲ್ಲೆಯಲ್ಲೇ ಇದ್ದರೂ ಕರೆಂಟು ಹೋಗುವುದು ಯಾವಾಗಲೂ ಕತೆ ಕುತೂಹಲಕ್ಕೆ ಬಂದಾಗಲೇ.

ನನ್ನ ಮನೆಯಲ್ಲಿ ಟಿವಿ ಇರಲಿಲ್ಲ. ಹಣದ ಅಡಚಣೆ ಒಂದು ಕಡೆ. ‘ಶೈತಾನನ ಡಬ್ಬಿ’ ಎಂಬ ಹಿರಿಯರ ಮಾತು ಇನ್ನೊಂದು ಕಡೆ. ಆದರೆ ಎದುರುಮನೆಗೆ ಹೋಗಬೇಡ ಎಂದು ಯಾರೂ ಹೇಳಲಿಲ್ಲ. ಶೈತಾನ ಬೇರೆಯವರ ಮನೆಯಲ್ಲಿ ಇದ್ದರೆ ಅವನ ಜವಾಬ್ದಾರಿ ನಮ್ಮದಲ್ಲ ಎಂಬ ಒಂದು ಮೌನ ಫತ್ವಾ ಆಗ ಎಲ್ಲ ಮನೆಗಳಲ್ಲೂ ಜಾರಿಯಲ್ಲಿತ್ತು.

ಆ ಟಿವಿ ನಮ್ಮ ಬೀದಿಗೆ ಹೇಗೆ ಬಂತು ಎಂಬುದನ್ನು ಮೊದಲು ಹೇಳಬೇಕು. ಅದರಲ್ಲೇ ಒಂದು ಸೋಜಿಗದ ಕತೆ ಇದೆ.

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಪಾಠ ಹೇಳುವ ‘ಸೈಟ್’ ಎಂಬ ಪ್ರಯೋಗ ನಡೆದಾಗ ಕರ್ನಾಟಕದಲ್ಲಿ ಅದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಮಾತ್ರ ಸಿಕ್ಕಿತ್ತು. ನಮ್ಮ ಕಡೆಯವರಿಗೆ ಇದ್ದದ್ದು 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ. ಟಿವಿ ಸಣ್ಣ ಊರುಗಳನ್ನು ಮುಟ್ಟಬೇಕಾದರೆ ಆಕಾಶದಲ್ಲಿ ನಮ್ಮದೇ ಒಂದು ಉಪಗ್ರಹ ಬೇಕಿತ್ತು. 1982ರಲ್ಲಿ ಹಾರಿಸಿದ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. ಅದರ ತಮ್ಮ ಇನ್ಸಾಟ್-1ಬಿ 1983ರ ಆಗಸ್ಟ್ 30ರಂದು ಅಮೆರಿಕದ ‘ಚಾಲೆಂಜರ್’ ನೌಕೆಯ ಹೊಟ್ಟೆಯಲ್ಲಿ ಕೂತು ಮೇಲೇರಿತು. ಮೇಲೇರಿದ ಮೇಲೆ ಅದರ ಸೌರಫಲಕ ಬಿಚ್ಚಿಕೊಳ್ಳದೆ ಹಠ ಹಿಡಿಯಿತು. ಅದನ್ನು ನೆಲದಿಂದ ನೋಡಿಕೊಳ್ಳುತ್ತಿದ್ದ ನಿಯಂತ್ರಣ ಕೇಂದ್ರ ಇದ್ದದ್ದು ಎಲ್ಲೋ ಅಲ್ಲ, ನಮ್ಮ ಹಾಸನದಲ್ಲಿ. ಭದ್ರಾವತಿ, ತರೀಕೆರೆ, ಕಡೂರು ದಾಟಿ ಮುಂದೆ ಹೋದರೆ ಸಿಗುವ ಹಾಸನ. ದಿನಗಟ್ಟಲೆ ಹೆಣಗಿದ ಮೇಲೆ ಫಲಕ ಬಿಚ್ಚಿಕೊಂಡಿತು. ಮರುವರ್ಷ, 1984ರಲ್ಲಿ, ದಿನಕ್ಕೊಂದು ಎಂಬ ಲೆಕ್ಕದಲ್ಲಿ ದೇಶದಾದ್ಯಂತ ಮರುಪ್ರಸಾರದ ಗೋಪುರಗಳು ಎದ್ದವು. ಆ ಅಲೆಯಲ್ಲೇ ಟಿವಿ ನಮ್ಮಂಥ ಊರುಗಳನ್ನು ತಲುಪಿತು.

ಈಗ ಆ ಸೋಜಿಗ. ‘ಸ್ಟಾರ್ ಟ್ರೆಕ್’ನಲ್ಲಿ ಉಹುರಾ ಎಂಬ ಅಧಿಕಾರಿಯ ಪಾತ್ರವಿದೆ. ನೌಕೆಗೆ ಬರುವ, ನೌಕೆಯಿಂದ ಹೋಗುವ ಸಂದೇಶಗಳನ್ನು ನೋಡಿಕೊಳ್ಳುವ ಕೆಲಸ ಆಕೆಯದು. ಆ ಪಾತ್ರ ಮಾಡಿದವರು ನಿಶೆಲ್ ನಿಕೋಲ್ಸ್ ಎಂಬ ಕಪ್ಪು ನಟಿ. ಕಪ್ಪು ಹೆಂಗಸರಿಗೆ ಅಮೆರಿಕದ ಟಿವಿಯಲ್ಲಿ ಅಡುಗೆಯವಳ, ಕೆಲಸದವಳ ಪಾತ್ರಗಳೇ ಹೆಚ್ಚಾಗಿ ಸಿಗುತ್ತಿದ್ದ ಕಾಲ ಅದು. ಮೊದಲ ವರ್ಷ ಮುಗಿದಾಗ ಆಕೆ ಬಿಟ್ಟುಹೋಗಲು ಹೊರಟಿದ್ದರಂತೆ. ಆಗ ಒಂದು ಸಮಾರಂಭದಲ್ಲಿ ಸಿಕ್ಕ ಮಾರ್ಟಿನ್ ಲೂಥರ್ ಕಿಂಗ್, ನೀವು ಹೋಗಕೂಡದು, ನಮ್ಮನ್ನು ಹೇಗೆ ಕಾಣಬೇಕೋ ಹಾಗೆ ಜಗತ್ತು ಕಾಣುತ್ತಿರುವುದು ಇದೇ ಮೊದಲು ಎಂಬ ಅರ್ಥದ ಮಾತು ಹೇಳಿ ತಡೆದರು ಎಂದು ಆಕೆ ಅನೇಕ ಸಲ ನೆನೆದಿದ್ದಾರೆ. ಆಕೆ ಉಳಿದರು. ಧಾರಾವಾಹಿ ನಿಂತು ವರ್ಷಗಳಾದ ಮೇಲೆ, 1977ರಲ್ಲಿ, ನಾಸಾ ಸಂಸ್ಥೆ ಆಕೆಯನ್ನು ಕರೆಯಿತು. ಹೆಂಗಸರು, ಕಪ್ಪು ಜನ ಗಗನಯಾನಿಗಳಾಗಲು ಅರ್ಜಿ ಹಾಕುತ್ತಿಲ್ಲ, ಅವರನ್ನು ಒಲಿಸಿ ಕರೆತನ್ನಿ ಎಂದಿತು. ಆಕೆ ಊರೂರು ತಿರುಗಿದರು. 1978ರ ಜನವರಿಯಲ್ಲಿ ಆಯ್ಕೆಯಾದ 35 ಮಂದಿಯಲ್ಲಿ ಆರು ಮಂದಿ ಹೆಂಗಸರಿದ್ದರು, ಮೂವರು ಕಪ್ಪು ಗಂಡಸರಿದ್ದರು. ಆ ಮೂವರಲ್ಲಿ ಒಬ್ಬರು ಗೈಯನ್ ಬ್ಲೂಫೋರ್ಡ್. ಆಕಾಶಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್.

ಅವರು ಹೋದದ್ದು ಯಾವಾಗ? 1983ರ ಆಗಸ್ಟ್ 30ರಂದು, ಚಾಲೆಂಜರ್ ನೌಕೆಯಲ್ಲಿ. ಅದೇ ನೌಕೆಯ ಹೊಟ್ಟೆಯಲ್ಲಿ ನಮ್ಮ ಇನ್ಸಾಟ್-1ಬಿ ಇತ್ತು. ರಟ್ಟು ಮತ್ತು ಪ್ಲೈವುಡ್ಡಿನ ಸುಳ್ಳು ನೌಕೆಯಲ್ಲಿ ಕೂತಿದ್ದ ಒಬ್ಬ ನಟಿ ಜನರನ್ನು ನಿಜವಾದ ನೌಕೆಯತ್ತ ಕರೆದರು. ಆ ಕಾಲದಲ್ಲಿ ಆಯ್ಕೆಯಾದ ಒಬ್ಬ ಮನುಷ್ಯ ಹೋದ ನೌಕೆ ನಮ್ಮ ಉಪಗ್ರಹವನ್ನು ಮೇಲೆ ಬಿಟ್ಟಿತು. ಆ ಉಪಗ್ರಹ ಕಟ್ಟಿದ ಜಾಲದಲ್ಲೇ ಆ ಸುಳ್ಳು ನೌಕೆ ದೇಶದ ಸಣ್ಣ ಊರುಗಳಿಗೆ ಬಂದಿಳಿಯಿತು. ಇದನ್ನು ಕತೆಯಲ್ಲಿ ಬರೆದರೆ ಸಂಪಾದಕರು ‘ಕಾಕತಾಳೀಯ ಹೆಚ್ಚಾಯಿತು’ ಎಂದು ವಾಪಸು ಕಳಿಸಿಯಾರು. ಚರಿತ್ರೆಗೆ ಸಂಪಾದಕರಿಲ್ಲ.

ಆ ನೌಕೆ ರಟ್ಟಿನದು ಎಂದೆ. ಇದು ಬರೀ ತಮಾಷೆಗೆ ಹೇಳಿದ್ದಲ್ಲ. ಅದರ ನಿರ್ಮಾಪಕ ಜೀನ್ ರಾಡೆನ್‌ಬೆರಿಗೆ ಸಿಕ್ಕ ಹಣ ಕಡಿಮೆ. ಪ್ರತಿ ವಾರ ನೌಕೆಯನ್ನು ಒಂದೊಂದು ಗ್ರಹದ ಮೇಲೆ ಇಳಿಸಿ ತೋರಿಸಲು ಖರ್ಚು ತಡೆಯದು. ಅದಕ್ಕೆಂದೇ ಮನುಷ್ಯರು ಇಲ್ಲಿ ಮಿಂಚಿ ಮಾಯವಾಗಿ ಅಲ್ಲಿ ಪ್ರತ್ಯಕ್ಷವಾಗುವ ಉಪಾಯ ಹೂಡಿದರು. ಡಾಕ್ಟರ್ ಮೆಕಾಯ್ ಕೈಯಲ್ಲಿ ಹೊಳೆಯುವ ಶಸ್ತ್ರಚಿಕಿತ್ಸೆಯ ಉಪಕರಣಗಳು ಅಸಲಿಗೆ ಊಟದ ಮೇಜಿನ ಉಪ್ಪಿನ ಡಬ್ಬಿಗಳು. 1967ರ ಒಂದು ಕಂತಿನಲ್ಲಿ ಕ್ಯಾಪ್ಟನ್ ಕರ್ಕ್ ಗಾರ್ನ್ ಎಂಬ ಹಲ್ಲಿಮನುಷ್ಯನ ಜೊತೆ ಕಾದಾಡುತ್ತಾನೆ. ಹಲ್ಲಿಯ ರಬ್ಬರ್ ಅಂಗಿಯೊಳಗಿನ ಮನುಷ್ಯನಿಗೆ ಸರಿಯಾಗಿ ಕೈಯೆತ್ತಲೂ ಆಗದು. ಕರ್ಕ್ ಎಸೆಯುವ ಬಂಡೆಗಳಿಗೆ ಭಾರವಿಲ್ಲ. ನಮ್ಮೂರಿನ ಗಣೇಶೋತ್ಸವದ ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಬಂಡೆಗಳನ್ನು ಮಾಡುತ್ತಿದ್ದರು.

ಆದರೆ ನೋಡುವ ನಮಗೆ ಇದೊಂದು ಕೊರತೆಯಾಗಿ ಕಾಣಲಿಲ್ಲ. ಬಯಲಾಟ, ಯಕ್ಷಗಾನ ನೋಡಿ ಬೆಳೆದ ಊರಿನವರಿಗೆ ಎರಡು ಹೆಜ್ಜೆ ಸುತ್ತಿದರೆ ಲೋಕ ಬದಲಾಗುತ್ತದೆ ಎಂದು ಗೊತ್ತಿರುತ್ತದೆ. ನನ್ನ ದಾದಿಗೆ ಬೇರೆಯೇ ದಾರಿ ಇತ್ತು. ಆಕೆಗೆ ಓದು ಅಷ್ಟಕ್ಕಷ್ಟೆ, ಆದರೆ ‘ತಿಲಿಸ್ಮೆ ಹೋಶ್‌ರುಬಾ’ದ ಕತೆಗಳು ಬಾಯಲ್ಲಿದ್ದವು. ಲಕ್ನೋದ ನವಲ್ ಕಿಶೋರ್ ಮುದ್ರಣಾಲಯ 1883ರಿಂದ ಸಂಪುಟ ಸಂಪುಟವಾಗಿ ಅಚ್ಚು ಹಾಕಿದ ಉರ್ದು ದಾಸ್ತಾನ್ ಅದು. ಅದರಲ್ಲಿ ಅಮರ್ ಅಯ್ಯಾರ್ ಎಂಬ ಚಾಲಾಕಿ ಇದ್ದಾನೆ. ಅವನ ಬಳಿ ಜಂಬೀಲ್ ಎಂಬ ಚೀಲ. ಅದರೊಳಗೆ ಲೋಕಗಳೇ ಅಡಗಿರುತ್ತವೆ. ಮಾಂತ್ರಿಕರ ದೊರೆ ಅಫ್ರಾಸಿಯಾಬ್ ಕೂತಲ್ಲೇ ದೂರದ್ದನ್ನು ಕಾಣುತ್ತಾನೆ. ಒಮ್ಮೆ ದಾದಿ ಎದುರುಮನೆಯ ಬಾಗಿಲಲ್ಲಿ ನಿಂತು ಐದು ನಿಮಿಷ ‘ಸ್ಟಾರ್ ಟ್ರೆಕ್’ ನೋಡಿ, ಇದೇನು ಹೊಸದು, ಎಲ್ಲ ಹೋಶ್‌ರುಬಾದ್ದೇ ಎಂದು ಹೇಳಿ ಹೊರಟುಹೋದಳು. ಆಕೆಯ ಮಾತಿನಲ್ಲಿ ಹುರುಳಿತ್ತು ಎಂದು ಈಗ ಅನಿಸುತ್ತದೆ. ನಮ್ಮ ಸಮಾಜದಲ್ಲಿ ಇಂಥ ಕನಸು ಕಂಡವರು ಹಿಂದೆಯೂ ಇದ್ದರು. ಬಂಗಾಳದ ರೊಕೇಯಾ ಸಖಾವತ್ ಹುಸೇನ್ 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ‘ಸುಲ್ತಾನಾಸ್ ಡ್ರೀಮ್’ ಎಂಬ ಕತೆ ಬರೆದರು. ಅದರಲ್ಲಿ ಹೆಂಗಸರು ಸೂರ್ಯನ ಶಾಖದಿಂದ ಅಡುಗೆ ಮಾಡುತ್ತಾರೆ, ಹಾರುವ ಬಂಡಿಯಲ್ಲಿ ಓಡಾಡುತ್ತಾರೆ. ಗಂಡಸರು ಪರ್ದಾದಲ್ಲಿರುತ್ತಾರೆ. ‘ಸ್ಟಾರ್ ಟ್ರೆಕ್’ಗಿಂತ ಅರವತ್ತೊಂದು ವರ್ಷ ಮೊದಲು ಒಬ್ಬ ಮುಸ್ಲಿಂ ಹೆಣ್ಣುಮಗಳು ಕಂಡ ಕನಸು ಇದು.

ಇಷ್ಟೆಲ್ಲ ಇದ್ದರೂ ಒಂದು ತೊಡಕಿತ್ತು. ಭಾಷೆ. ‘ಸ್ಟಾರ್ ಟ್ರೆಕ್’ ಇಂಗ್ಲಿಷಿನದು. ನಮ್ಮ ಬೀದಿಯಲ್ಲಿ ಇಂಗ್ಲಿಷ್ ಬಲ್ಲವರು ಮೇಷ್ಟ್ರು ಒಬ್ಬರೇ. ಅವರಿಗೂ ಆ ಅಮೆರಿಕನ್ ಉಚ್ಚಾರ ದಕ್ಕುತ್ತಿರಲಿಲ್ಲ. ನಾವು ಕತೆಯನ್ನು ಮುಖ ನೋಡಿ ಊಹಿಸುತ್ತಿದ್ದೆವು. ಹುಬ್ಬು ಏರಿದರೆ ಸ್ಪಾಕನಿಗೆ ಏನೋ ಹೊಳೆಯಿತು. ಅಂಗಿ ಹರಿದರೆ ಕರ್ಕ್ ಗೆದ್ದ. ಸ್ಪಾಕ್ ಬೆರಳುಗಳನ್ನು ಎರಡೆರಡಾಗಿ ಬಿಡಿಸಿ ಕೈಯೆತ್ತಿ ಮಾಡುವ ವಂದನೆಯನ್ನು ಬೀದಿಯ ಮಕ್ಕಳೆಲ್ಲ ಕಲಿತರು. ಅದು ಎಲ್ಲಿಂದ ಬಂತೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಲಿಯೊನಾರ್ಡ್ ನಿಮಾಯ್ ಯಹೂದಿ ಮನೆತನದವರು. ಬಾಲ್ಯದಲ್ಲಿ ಬಾಸ್ಟನ್ನಿನ ಪ್ರಾರ್ಥನಾ ಮಂದಿರದಲ್ಲಿ ಪುರೋಹಿತರು ಆಶೀರ್ವದಿಸುವಾಗ ಕೈ ಹೀಗೆ ಹಿಡಿಯುವುದನ್ನು ಕದ್ದು ನೋಡಿದ್ದರಂತೆ. ಅದನ್ನೇ ವಲ್ಕನ್ ಗ್ರಹಕ್ಕೆ ದಾನ ಮಾಡಿದರು. ವಿದ್ಯಾನಗರದ ಹಿಂದೂ ಮುಸಲ್ಮಾನ ಹುಡುಗರು ಯಹೂದಿ ಪುರೋಹಿತರ ಆಶೀರ್ವಾದವನ್ನು ಪರಸ್ಪರ ಹಂಚಿಕೊಂಡು ಗೋಲಿ ಆಡುತ್ತಿದ್ದರು.

ಇಂಗ್ಲಿಷಿನ ತೊಡಕು ಹಿಂದಿಗೆ ಬದಲಾದದ್ದು ‘ಸ್ಪೇಸ್ ಸಿಟಿ ಸಿಗ್ಮಾ’ದಿಂದ. ಇದು 1989ರಲ್ಲಿ ದೂರದರ್ಶನದಲ್ಲಿ ಶುರುವಾದ ನಮ್ಮ ದೇಶದ್ದೇ ಧಾರಾವಾಹಿ. ‘ಸ್ಟಾರ್ ಟ್ರೆಕ್’ನ ಬಡ ನೆಂಟ ಎನ್ನಬಹುದು. ಕ್ಯಾಪ್ಟನ್ ತಾರಾ ಎಂಬ ನಾಯಕ, ಜಖಾಕು ಎಂಬ ಖಳ. ಅಮೆರಿಕದವರ ರಟ್ಟು ಇಲ್ಲಿಗೆ ಬರುವ ಹೊತ್ತಿಗೆ ಇನ್ನೂ ತೆಳುವಾಗಿತ್ತು. ಅದೇ ವರ್ಷ ‘ಇಂದ್ರಧನುಷ್’ ಎಂಬ ಮಕ್ಕಳ ಧಾರಾವಾಹಿಯೂ ಬಂತು. ಹುಡುಗರು ಕಟ್ಟಿದ ಕಂಪ್ಯೂಟರ್ ಕಾಲಯಂತ್ರವಾಗುವ ಕತೆ. ಅದರಲ್ಲಿ ನಮ್ಮ ಗಿರೀಶ್ ಕಾರ್ನಾಡರು ನಟಿಸಿದ್ದರು. ‘ಮಾಲ್ಗುಡಿ ಡೇಸ್’ಗಾಗಿ ಶಂಕರ್‌ನಾಗ್ ನಮ್ಮದೇ ಆಗುಂಬೆಗೆ ಬಂದುಹೋದ ಮೇಲೆ, ಪರದೆಯಲ್ಲಿ ನಮ್ಮವರು ಕಂಡರೆ ಬೀದಿಗೆ ಬೀದಿಯೇ ಬೀಗುತ್ತಿತ್ತು. ಆದರೆ ಮಾತು ಮಾತ್ರ ಹಿಂದಿ.

ಇಲ್ಲಿ ಸ್ವಲ್ಪ ಚರಿತ್ರೆ ಬೇಕು. ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಬೇಕೆಂದು ಗೋಕಾಕ್ ಚಳವಳಿ ನಾಡನ್ನು ಅಲುಗಿಸಿದ್ದು 1982ರಲ್ಲಿ. ಅದೇ 1982ರ ಆಗಸ್ಟ್ 15ರಂದು ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮ ದೆಹಲಿಯಿಂದ ಶುರುವಾಯಿತು. ಸಣ್ಣ ಊರುಗಳ ಕಡಿಮೆ ಶಕ್ತಿಯ ಗೋಪುರಗಳು ಮೊದಮೊದಲು ದೆಹಲಿಯಿಂದ ಇಳಿದದ್ದನ್ನೇ ಹಾಗೆಹಾಗೆಯೇ ಹೊರಡಿಸುತ್ತಿದ್ದವು. ಶಾಲೆಯ ಬಾಗಿಲಲ್ಲಿ ಕನ್ನಡ ಗೆದ್ದ ವರ್ಷವೇ ನಡುಮನೆಯ ಕಿಟಕಿಯಿಂದ ಹಿಂದಿ ಒಳಗೆ ಬಂತು. ಇನ್ನು ಡಬ್ಬಿಂಗ್. ಅನ್ಯಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂರಿಸಬಾರದೆಂದು 60ರ ದಶಕದಿಂದ ಕನ್ನಡ ಚಿತ್ರರಂಗ ಒಂದು ಅಲಿಖಿತ ಕಟ್ಟು ಹಾಕಿಕೊಂಡಿತ್ತು. ಇಲ್ಲಿನ ಕಲಾವಿದರ, ಕೆಲಸಗಾರರ ಅನ್ನ ಉಳಿಯಬೇಕೆಂಬುದು ಅದರ ಹಿಂದಿನ ಕಾರಣ. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಟಿವಿಗೂ ಅದೇ ಕಟ್ಟು ಹರಡಿತು. ಪರಿಣಾಮವಾಗಿ ಕ್ಯಾಪ್ಟನ್ ತಾರಾ ಕನ್ನಡ ಕಲಿಯಲಿಲ್ಲ. ಅವನ ಮಾತನ್ನು ಕನ್ನಡಕ್ಕೆ ತರುವ ಕೆಲಸ ಮನೆಮನೆಯಲ್ಲಿ ಯಾರಾದರೂ ಮಾಡಬೇಕಾಯಿತು.

ನಮ್ಮ ಬೀದಿಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಉರ್ದು ಶಾಲೆಯ ಹುಡುಗ. ಮನೆಯಲ್ಲಿ ದಖನಿ. ಹಿಂದಿ ಅರ್ಥವಾಗುತ್ತದೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಅಲ್ಲಿಯವರೆಗೆ ನಾನು ಆ ನಡುಮನೆಯಲ್ಲಿ ಬಾಗಿಲ ಬಳಿ, ಚಪ್ಪಲಿಗಳ ಹತ್ತಿರ ಕೂರುತ್ತಿದ್ದವನು. ದುಭಾಷಿಯಾದ ಮೇಲೆ ಟಿವಿಯ ಪಕ್ಕಕ್ಕೆ ಜಾಗ ಸಿಕ್ಕಿತು. ಮೇಷ್ಟ್ರ ತಾಯಿ ನನಗಾಗಿ ಚಕ್ಕುಲಿ ತೆಗೆದಿಡುತ್ತಿದ್ದರು. ‘ಹಮ್ಲಾ’ ಅಂದರೆ ದಾಳಿ. ‘ಖತ್ರಾ’ ಅಂದರೆ ಅಪಾಯ. ‘ತಬಾಹಿ’ ಅಂದರೆ ಸರ್ವನಾಶ. ಜಖಾಕುವಿನ ಬಾಯಲ್ಲಿ ಇಂಥವೇ ಹೆಚ್ಚಾದ್ದರಿಂದ ಕೆಲಸ ಸುಲಭವಾಗಿತ್ತು.

ಕಷ್ಟವಾದದ್ದು ಒಳ್ಳೆಯವರು ಮಾತಾಡಿದಾಗ. ವಿಜ್ಞಾನದ ಮಾತು ಬಂದ ಕೂಡಲೇ ದೂರದರ್ಶನದ ಹಿಂದಿ ಸಂಸ್ಕೃತದ ಉಡುಪು ತೊಡುತ್ತಿತ್ತು. ಅಂತರಿಕ್ಷ, ಗ್ರಹ, ಪೃಥ್ವಿ, ಸುರಕ್ಷಾ, ಆದೇಶ. ನನ್ನ ಉರ್ದು ಪಾಠಪುಸ್ತಕದಲ್ಲಿ ಗ್ರಹಕ್ಕೆ ‘ಸಯ್ಯಾರಾ’ ಎಂದಿತ್ತು. ಅಂತರಿಕ್ಷಕ್ಕೆ ‘ಖಲಾ’. ನಾನು ತಡವರಿಸಿ ನಿಲ್ಲುತ್ತಿದ್ದೆ. ಆಗ ನೆರವಿಗೆ ಬಂದವಳು ಮೇಷ್ಟ್ರ ಮಗಳು. ಅವಳಿಗೆ ಹಿಂದಿಯ ಗಂಧ ಇರಲಿಲ್ಲ. ಆದರೆ ಅಂತರಿಕ್ಷ, ಗ್ರಹ, ಪೃಥ್ವಿ ಎಲ್ಲ ಅವಳ ಕನ್ನಡ ಪುಸ್ತಕದಲ್ಲೇ ಇದ್ದವು. ಹೀಗೆ ಒಂದು ವಾಕ್ಯದ ಅರ್ಧ ಅವಳು ಹೇಳಬೇಕು, ಅರ್ಧ ನಾನು ಹೇಳಬೇಕು. ಪೃಥ್ವಿಗೆ ಬಂದದ್ದೇನು ಎಂದು ಅವಳಿಗೆ ಗೊತ್ತಿಲ್ಲ, ಖತ್ರಾ ಬಂದದ್ದು ಎಲ್ಲಿಗೆ ಎಂದು ನನಗೆ ಗೊತ್ತಿಲ್ಲ. ಇಬ್ಬರೂ ಕೂಡಿದರೆ ಭೂಮಿಗೆ ಅಪಾಯ ಬಂದಿದೆ ಎಂದು ಮೇಷ್ಟ್ರ ತಾಯಿಗೆ ತಿಳಿಯುತ್ತಿತ್ತು.

ಹಿಂದಿ ಮತ್ತು ಉರ್ದು ಹೇಗೆ ಬೇರಾದವು ಎಂಬ ಬಗ್ಗೆ ಆಮೇಲೆ ದೊಡ್ಡ ದೊಡ್ಡ ಗ್ರಂಥಗಳನ್ನು ಓದಿದ್ದೇನೆ. ಆ ನಡುಮನೆಯಲ್ಲಿ ಕಲಿತದ್ದನ್ನು ಅವು ವಿವರಿಸಿದವು ಅಷ್ಟೆ. ನಮ್ಮ ಶುದ್ಧಿಯ ಕಲ್ಪನೆಗಳನ್ನು ಆ ಕಾಲದ ಪರದೆಯೇ ಅಣಕಿಸುತ್ತಿತ್ತು. 1988ರ ಅಕ್ಟೋಬರ್ 2ರಂದು ಶುರುವಾದ ‘ಮಹಾಭಾರತ’ದ ಸಂಸ್ಕೃತಮಯ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ. ಇತ್ತ 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಸೋವಿಯತ್ ನೌಕೆಯಲ್ಲಿ ಆಕಾಶ ಸೇರಿದಾಗ, ಅಲ್ಲಿಂದ ಭಾರತ ಹೇಗೆ ಕಾಣುತ್ತಿದೆ ಎಂದು ಇಂದಿರಾ ಗಾಂಧಿ ಕೇಳಿದ್ದಕ್ಕೆ ಅವರು ಉತ್ತರಿಸಿದ್ದು 1904ರಲ್ಲಿ ಇಕ್ಬಾಲರು ಬರೆದ ಉರ್ದು ತರಾನದ ಮಾತಿನಿಂದ. ಕುರುಕ್ಷೇತ್ರದ ಮಾತು ಮುಸಲ್ಮಾನ ಲೇಖಕನ ಕೈಯಿಂದ, ಆಕಾಶದ ಮಾತು ಹಿಂದೂ ಯೋಧನ ಬಾಯಿಂದ ಉರ್ದುವಿನಲ್ಲಿ. ಯಾರಿಗೂ ಆಗ ಅದು ವಿಶೇಷ ಎನಿಸಿರಲಿಲ್ಲ.

‘ಸ್ಟಾರ್ ಟ್ರೆಕ್’ನ ನೌಕೆಯಲ್ಲಿ ದುಭಾಷಿಯ ಕೆಲಸಕ್ಕೆ ಯಂತ್ರವಿದೆ. 1967ರ ‘ಮೆಟಮಾರ್ಫಸಿಸ್’ ಎಂಬ ಕಂತಿನಲ್ಲಿ ಕರ್ಕ್ ಅದನ್ನು ಹಿಡಿದು ಮೋಡದಂಥ ಒಂದು ಜೀವಿಯ ಜೊತೆ ಮಾತಾಡುತ್ತಾನೆ. ಬುದ್ಧಿಯಿರುವ ಎಲ್ಲ ಜೀವಿಗಳಿಗೂ ಸಮಾನವಾದ ಕೆಲವು ಭಾವನೆಗಳಿವೆ, ಯಂತ್ರ ಅವನ್ನು ಹುಡುಕಿ ಹಿಡಿಯುತ್ತದೆ ಎಂದು ಅವನ ವಿವರಣೆ. ಯಂತ್ರ ಇಲ್ಲದ ವಿದ್ಯಾನಗರದಲ್ಲಿ ಇಬ್ಬರು ಮಕ್ಕಳು ಅದೇ ಕೆಲಸ ಮಾಡಿದರು. ವ್ಯತ್ಯಾಸವೆಂದರೆ ಯಂತ್ರಕ್ಕೆ ಜೊತೆಗಾರ ಬೇಕಿಲ್ಲ. ನಮಗೆ ಒಬ್ಬರಿಲ್ಲದೆ ಇನ್ನೊಬ್ಬರಿಗೆ ಸಾಗುತ್ತಿರಲಿಲ್ಲ.

ಅದೇ ಧಾರಾವಾಹಿಯ ಇನ್ನೊಂದು ಕಂತು ‘ಸ್ಪೇಸ್ ಸೀಡ್’, ಅದೂ 1967ರದು. ನಾನು ನೋಡಿದ್ದು ದೊಡ್ಡವನಾದ ಮೇಲೆ, ಡಿವಿಡಿಯಲ್ಲಿ. ಅದರ ಖಳನ ಹೆಸರು ಖಾನ್ ನೂನಿಯನ್ ಸಿಂಗ್. ಉತ್ತರ ಭಾರತದವನು, ಬಹುಶಃ ಸಿಖ್ಖನಿರಬೇಕು ಎಂದು ನೌಕೆಯ ಚರಿತ್ರೆಕಾರ್ತಿ ಊಹಿಸುತ್ತಾಳೆ. ಪಾತ್ರ ಮಾಡಿದವರು ಮೆಕ್ಸಿಕೋದ ರಿಕಾರ್ಡೊ ಮೊಂಟಲ್ಬಾನ್. ಖಾನ್ ಮತ್ತು ಸಿಂಗ್ ಒಂದೇ ಹೆಸರಿನಲ್ಲಿ ಕೂತದ್ದು ನೋಡಿ ನಗು ಬಂತು. ಅಮೆರಿಕದ ಬರಹಗಾರನಿಗೆ ನಮ್ಮ ಹೆಸರುಗಳ ಗಡಿ ಗೊತ್ತಿರಲಿಲ್ಲ. ಅದು ಅಜ್ಞಾನವೇ ಸರಿ. ಆದರೆ ಆಮೇಲೆ ಕಂತಿನಲ್ಲಿ ಬಂದ ಇಸವಿ ಕೇಳಿ ನಗು ನಿಂತಿತು. ಉತ್ತಮ ತಳಿಯ ಮನುಷ್ಯರು ತಾವೆಂದು ನಂಬಿದವರು ಜಗತ್ತನ್ನು ಯುದ್ಧಕ್ಕೆ ದೂಡಿದರಂತೆ. ಖಾನ್ ಭೂಮಿಯ ಕಾಲು ಭಾಗವನ್ನು ಆಳಿದನಂತೆ. 1992ರಿಂದ 1996ರವರೆಗೆ.

ಕತೆಯ ಆ ಯುದ್ಧ ಬರಲಿಲ್ಲ. ನಮ್ಮ ಪಾಲಿನ 1992 ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಂತು. ಕರ್ನಾಟಕಕ್ಕೆ ಟಿವಿಯ ಮೂಲಕವೇ ಬಂದದ್ದು ಇನ್ನೊಂದಿದೆ. 1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಉರ್ದುವಿನಲ್ಲಿ 10 ನಿಮಿಷದ ವಾರ್ತೆ ಆರಂಭಿಸಿತು. ಕನ್ನಡದ ಸಮಯವನ್ನು ಕಿತ್ತುಕೊಂಡರು ಎಂದು ಪ್ರತಿಭಟನೆ ಎದ್ದಿತು. ಪ್ರತಿಭಟನೆ ಕೆಲವೇ ದಿನಗಳಲ್ಲಿ ಗಲಭೆಯಾಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾರ್ತೆ ನಿಂತಿತು.

ಆಗ ನಾನು ಪಿಯುಸಿಯ ಹುಡುಗ. ಕನ್ನಡಕ್ಕೆ ಅನ್ಯಾಯವಾಗಿದೆ ಎಂಬ ನೋವು ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಹತ್ತು ವರ್ಷ ದೆಹಲಿಯ ಮಾತನ್ನು ಕನ್ನಡಕ್ಕೆ ತಂದು ಸುಸ್ತಾದವರಲ್ಲಿ ನಾನೂ ಒಬ್ಬ. ಆದರೆ ದಿನಗಟ್ಟಲೆ ಹಿಂದಿ ಸುರಿದ ದೆಹಲಿ ದೂರದಲ್ಲಿತ್ತು. 10 ನಿಮಿಷದ ಉರ್ದು ಪಕ್ಕದ ಮನೆಯಲ್ಲಿತ್ತು. ಕೈಗೆ ಸಿಕ್ಕದ್ದು ಪಕ್ಕದ ಮನೆ. ಆ ವಾರ ವಿದ್ಯಾನಗರದಲ್ಲಿ ಏನೂ ನಡೆಯಲಿಲ್ಲ. ಆದರೂ ಬಸ್ಸಿನಲ್ಲಿ ಅಮ್ಮಿ ದಖನಿಯಲ್ಲಿ ಮಾತಾಡಿಸಿದಾಗ ನಾನು ಮೆಲ್ಲಗೆ ಕನ್ನಡದಲ್ಲಿ ಉತ್ತರ ಕೊಟ್ಟೆ. ಅಮ್ಮಿ ನನ್ನ ಮುಖ ನೋಡಿ, ಮುಂದಿನ ಮಾತನ್ನು ತಾನೂ ತನ್ನ ಹರುಕು ಕನ್ನಡದಲ್ಲೇ ಆಡಿದಳು. ಯಾವ ನಡುಮನೆಯಲ್ಲಿ ನನ್ನ ಉರ್ದುವಿಗೆ ಚಕ್ಕುಲಿ ಸಿಕ್ಕಿತ್ತೋ ಆ ನಡುಮನೆ ರಸ್ತೆಯ ಆಚೆ ಹಾಗೆಯೇ ಇತ್ತು. ನಡುವಿನ ರಸ್ತೆ ಮಾತ್ರ ಸ್ವಲ್ಪ ಅಗಲವಾದಂತಿತ್ತು.

ನಮ್ಮ ಕಡೆ ನಿಜವಾದ ‘ಎಂಟರ್‌ಪ್ರೈಸ್’ ನೌಕೆ ಯಾವುದು ಎಂದು ಕೇಳಿದರೆ ನಾನು ಭದ್ರಾವತಿಯ ಉಕ್ಕಿನ ಕಾರ್ಖಾನೆಯನ್ನು ತೋರಿಸುತ್ತೇನೆ. ಮೈಸೂರು ಸಂಸ್ಥಾನ ಕಟ್ಟಿದ ಆ ಕುಲುಮೆಯಿಂದ 1923ರಲ್ಲಿ ಮೊದಲ ಕಬ್ಬಿಣ ಹರಿಯಿತು. ಕೆಲಸ ಅರಸಿ ಬಂದ ತಮಿಳರು, ತೆಲುಗರು, ಉರ್ದುವಿನವರು, ಕನ್ನಡಿಗರು ಒಂದೇ ಬೆಂಕಿಯ ಎದುರು ಬೆವರು ಸುರಿಸಿದರು. ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದ ನೆಂಟರ ಮನೆಗೆ ಹೋದಾಗ ನಲ್ಲಿಯ ಬಳಿ ನಾಲ್ಕು ಭಾಷೆಯ ಜಗಳ ಕೇಳಿಸುತ್ತಿತ್ತು. ಜಗಳ ಆಡಲಾದರೂ ಎಲ್ಲರಿಗೂ ಎಲ್ಲರ ಭಾಷೆ ಒಂದಿಷ್ಟು ಬರಬೇಕಿತ್ತು. ‘ಸ್ಟಾರ್ ಟ್ರೆಕ್’ನ ನೌಕೆಯಲ್ಲೂ ಜಪಾನಿ ಮೂಲದ ಸುಲು, ರಷ್ಯದ ಚೆಕಾವ್, ಸ್ಕಾಟ್ಲೆಂಡಿನ ಸ್ಕಾಟಿ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಸುಲು ಪಾತ್ರ ಮಾಡಿದ ಜಾರ್ಜ್ ಟಕೇಯಿ ಎರಡನೇ ಮಹಾಯುದ್ಧದ ಕಾಲದಲ್ಲಿ, ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ, ಅಪ್ಪ ಅಮ್ಮನೊಂದಿಗೆ ಅಮೆರಿಕದ್ದೇ ಶಿಬಿರದಲ್ಲಿ ಬಂದಿಯಾಗಿದ್ದ ಹುಡುಗ. ಆ ರಟ್ಟಿನ ಕೋಣೆಯಲ್ಲಿ ಅವರಿಗೆ ಸಿಕ್ಕ ಕುರ್ಚಿಯ ಬೆಲೆ ಅವರಿಗೇ ಗೊತ್ತು.

90ರ ದಶಕದಲ್ಲಿ ಕೇಬಲ್ ಬಂತು. 1997ರಲ್ಲಿ ‘ಶಕ್ತಿಮಾನ್’ ಬಂದ, 1998ರಲ್ಲಿ ‘ಕ್ಯಾಪ್ಟನ್ ವ್ಯೋಮ್’. ಅಷ್ಟು ಹೊತ್ತಿಗೆ ನಮ್ಮ ಮನೆಯಲ್ಲೂ ಟಿವಿ ಇತ್ತು. ಶೈತಾನ ರಾಜಿಯಾಗಿದ್ದ. ಎಲ್ಲರ ಮನೆಯಲ್ಲೂ ಟಿವಿ ಬಂದ ಮೇಲೆ ಯಾರೂ ಯಾರ ಮನೆಗೂ ಹೋಗುವ ಅಗತ್ಯ ಉಳಿಯಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸರಿಯಲ್ಲವೆಂದು ಆದೇಶಿಸಿತು. 2020ರ ಲಾಕ್‌ಡೌನ್ ಕಾಲದಲ್ಲಿ ‘ಮಹಾಭಾರತ’ ಕನ್ನಡದಲ್ಲಿ ಮಾತಾಡುತ್ತಾ ಮನೆಗಳಿಗೆ ಬಂತು. ಇದು ಒಳ್ಳೆಯದೇ. ತನ್ನ ಭಾಷೆಯಲ್ಲಿ ಲೋಕವನ್ನು ಕಾಣುವುದು ಪ್ರತಿಯೊಬ್ಬರ ಹಕ್ಕು. ಮೇಷ್ಟ್ರ ತಾಯಿ ಇದ್ದಿದ್ದರೆ ನಿರಾಳವಾಗಿ ನೋಡುತ್ತಿದ್ದರು. ಈಗ ನನ್ನ ಮಗಳ ಮೊಬೈಲಿನಲ್ಲಿ ಯಾವ ಭಾಷೆಯ ಮಾತೂ ಕ್ಷಣದಲ್ಲಿ ಕನ್ನಡದ ಅಕ್ಷರವಾಗಿ ಕೆಳಗೆ ಹರಿಯುತ್ತದೆ. ಕರ್ಕ್‌ನ ಯಂತ್ರ ನಿಜವಾಯಿತು. ನಿಮಾಯ್ 2015ರಲ್ಲಿ ತೀರಿಕೊಂಡರು, ನಿಶೆಲ್ ನಿಕೋಲ್ಸ್ 2022ರಲ್ಲಿ. ಕರ್ಕ್ ಪಾತ್ರದ ವಿಲಿಯಂ ಶಾಟ್ನರ್ 2021ರಲ್ಲಿ, ತಮ್ಮ 90ನೇ ವಯಸ್ಸಿನಲ್ಲಿ, ನಿಜವಾಗಿಯೂ ಆಕಾಶದ ಅಂಚಿಗೆ ಹೋಗಿ ಬಂದರು.

ಆ ಧಾರಾವಾಹಿಗಳನ್ನು ಈಗ ನೋಡಿದರೆ ರಟ್ಟು ಕಾಣುತ್ತದೆ, ದಾರ ಕಾಣುತ್ತದೆ. ಹಲ್ಲಿಯ ರಬ್ಬರ್ ಸುಕ್ಕೂ ಕಾಣುತ್ತದೆ. ಅವು ನಮಗೆ ಹಿಡಿಸಿದ್ದು ಅವು ಪೂರ್ತಿಯಾಗಿ ಇಲ್ಲದ್ದರಿಂದ. ಬಂಡೆಗೆ ಭಾರ ನಾವು ತುಂಬಬೇಕಿತ್ತು. ಕಪ್ಪು ಬಿಳುಪಿಗೆ ಬಣ್ಣ ನಾವು ಬಳಿಯಬೇಕಿತ್ತು. ಅರ್ಧ ತಿಳಿಯುವ ಭಾಷೆಗೆ ಉಳಿದರ್ಧವನ್ನು ಎದುರುಮನೆಯಿಂದ ಸಾಲ ತರಬೇಕಿತ್ತು. ಆ ಸಾಲವನ್ನು ಯಾರೂ ಲೆಕ್ಕ ಇಡಲಿಲ್ಲ, ತೀರಿಸಲೂ ಇಲ್ಲ. 1994ರ ನಂತರವೂ ಈ ನಾಡಿನಲ್ಲಿ ನೆರೆಹೊರೆ ಎಂಬುದು ಉಳಿದಿದ್ದರೆ, ಇಂಥ ತೀರದ ಸಾಲಗಳು ಎಲ್ಲ ಬೀದಿಗಳಲ್ಲೂ ಅಷ್ಟಿಷ್ಟು ಉಳಿದಿರುವುದರಿಂದಲೇ ಇರಬೇಕು.